ಅಟ್ಟದಲ್ಲಿ ಇಲಿ ಉಪದ್ರ, ಹಳೇ ಹಂಚಿನ ಮನೆ, ಅಮ್ಮ ಕೊಲ್ಲಲಿಕ್ಕೆ ಬಿಡುವುದಿಲ್ಲ. ಎಂತ ಮಾಡುವುದು ಮಾರಾಯ್ರೆ?

ಕಡೆಕಾರು ಮನೆ • ಜೂನ್ 14, ರಾತ್ರಿ 11:48

ಇದನ್ನು ಟೈಪ್ ಮಾಡ್ತಾ ಇರುವಾಗಲೂ ತಲೆ ಮೇಲೆ ಓಡಾಟ ನಡೀತಾ ಉಂಟು. ಮನೆ ಉಡುಪಿ ಹತ್ರ ಕಡೆಕಾರಲ್ಲಿ, ಅಜ್ಜ ಕಟ್ಟಿಸಿದ್ದು, ಮುರಕಲ್ಲಿನ ಗೋಡೆ, ಕಲ್ಲಿನ ಮಧ್ಯ ಬರೀ ಮಣ್ಣು, ಮೇಲೆ ಹಂಚು. ಚಾವಡಿಗೂ ಎರಡು ಕೋಣೆಗೂ ಮಾತ್ರ ಮರದ ಮುಚ್ಚಿಗೆ ಉಂಟು, ಅಡುಗೆ ಮನೆ ಮತ್ತೆ ಬಚ್ಚಲಿಗೆ ಅದೂ ಇಲ್ಲ, ತಲೆ ಎತ್ತಿದ್ರೆ ಪಕ್ಕಾಸು (ಇಳಿಜಾರಾಗಿ ಹಾಕಿದ ಮರದ ತೊಲೆ), ರೀಪು (ಅದರ ಮೇಲಿನ ಅಡ್ಡ ಪಟ್ಟಿ), ಹಂಚು ಅಷ್ಟೆ. ಪ್ರತಿ ಮಳೆಗಾಲ ಒಂದೆರಡು ಇಲಿ ಬರುವುದು ಇದ್ದದ್ದೇ, ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ. ಆದ್ರೆ ಈ ಸಲ ಮೊದಲ ಮಳೆ ಬಿದ್ದ ನಾಲ್ಕನೇ ದಿನಕ್ಕೆ ಶುರುವಾದದ್ದು ನಿಲ್ತಾನೇ ಇಲ್ಲ. ರಾತ್ರಿ ಹತ್ತೂವರೆಗೆ ಸರಿಯಾಗಿ ರಾಪ ರಾಪ ಅಂತ ಓಡ್ಲಿಕ್ಕೆ ಶುರು, ಬೆಳಗಿನ ಜಾವದವರೆಗೆ.

ಆದ ನಷ್ಟ ಕೇಳಿ. ಅಟ್ಟದಲ್ಲಿ ಆರ್ನೂರು ತೆಂಗಿನಕಾಯಿ ಇತ್ತು, ಸುಲಿಯದ್ದು, ಅದ್ರಲ್ಲಿ ಎಷ್ಟಕ್ಕೆ ತೂತು ಬಿದ್ದಿದೆ ಅಂತ ಲೆಕ್ಕ ಹಾಕುವ ಧೈರ್ಯ ಇಲ್ಲ. ಅಮ್ಮ ಏಪ್ರಿಲಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಒಂದು ಡಬ್ಬಿ ಪೂರಾ ಹೋಯ್ತು, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನೇ ಕೊರೆದಿದೆ. ಅಪ್ಪ ಯಕ್ಷಗಾನದ ಹುಚ್ಚು ಇದ್ದವರು, ಅವರ ಹಳೇ ಪ್ರಸಂಗ ಪುಸ್ತಕದ ಕಟ್ಟು ಒಂದಿತ್ತು, ಈಗ ಅದು ಇಲಿ ಮರಿಗಳ ಹಾಸಿಗೆ. ಅದನ್ನು ನೋಡಿದ ದಿನ ನಿಜ ಹೇಳ್ಬೇಕಂದ್ರೆ ಕಣ್ಣಲ್ಲಿ ನೀರು ಬಂತು.

ತೊಂದ್ರೆ ಎಂತ ಅಂದ್ರೆ ಅಮ್ಮನಿಗೆ 74, ಗಣಪತಿ ವಾಹನ ಅಂತ ಹೇಳಿ ವಿಷ ಇಡ್ಲಿಕ್ಕೆ ಬಿಡುವುದಿಲ್ಲ. "ಇಲಿ" ಅಂತ ಬಾಯಲ್ಲಿ ಹೇಳಿದ್ರೂ ಬೈತಾರೆ, ಅದಕ್ಕೆ ಕೇಳಿಸ್ತದಂತೆ. ಬೆಕ್ಕು ಉಂಟು, ಬಂಗುಡೆ ತಲೆ ತಿಂದು ಜಗಲಿಯಲ್ಲಿ ಮಲಗ್ತದೆ, ಅದರ ಹೆಸರು ಎತ್ಬೇಡಿ. ಅನುಭವ ಇದ್ದವರು ಹೇಳಿ.

ಶಾರ್ಟ್‌ಕಟ್ • ಜೂನ್ 15, ಬೆಳಿಗ್ಗೆ 7:02

ಅಂಟಿನ ಬೋರ್ಡ್ ತನ್ನಿ. ಅಂಗಡಿಯಲ್ಲಿ ಸಿಗ್ತದೆ, ರಾತ್ರಿ ಇಟ್ರೆ ಬೆಳಿಗ್ಗೆ ನಾಲ್ಕು ಗ್ಯಾರಂಟಿ. ಇದಕ್ಕೆಲ್ಲ ಇಷ್ಟು ದೊಡ್ಡ ಪುರಾಣ ಬೇಕಾ.

ಜೆಪ್ಪು ಹಂಚು • ಜೂನ್ 15, ಬೆಳಿಗ್ಗೆ 7:40

ಅಂಟು ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ಹೋದ ವರ್ಷ ಇಟ್ಟದ್ದು, ಬೆಳಿಗ್ಗೆ ನೋಡಿದ್ರೆ ಅಂಟಿದ್ದು ಇಲಿ ಅಲ್ಲ, ಗೇಣುದ್ದದ ಕೇರೆ ಮರಿ, ಪಕ್ಕದಲ್ಲಿ ಎರಡು ಹಲ್ಲಿ. ಪಾಪ ಅದು ಇಲಿ ಹುಡುಕಿಕೊಂಡೇ ಬಂದದ್ದು. ತೆಂಗಿನೆಣ್ಣೆ ಬಿಟ್ಟು ಬಿಟ್ಟು ಒಂದು ಗಂಟೆ ಕೂತು ಬಿಡಿಸಿದ್ದೇವೆ. ಹಲ್ಲಿ ಉಳಿಲಿಲ್ಲ. ಮತ್ತೆ ಇಲಿ ಅಂಟಿದ್ರೂ ಅದು ಸಾಯುವುದಿಲ್ಲ ತಕ್ಷಣ, ರಾತ್ರಿಯಿಡೀ ಕೂಗ್ತದೆ, ಹೆದರಿ ಉಚ್ಚೆ ಹೊಯ್ತದೆ, ಆ ಬೋರ್ಡನ್ನು ಕೈಯಲ್ಲಿ ಎತ್ತುವುದು ಯಾರು? 74 ವರ್ಷದ ಅಮ್ಮನಾ?

ಬೆಂಗ್ಳೂರ್ ಬಾಡಿಗೆದಾರ • ಜೂನ್ 15, ಬೆಳಿಗ್ಗೆ 9:15

ಗುರು, ಆನ್‌ಲೈನಲ್ಲಿ ಅಲ್ಟ್ರಾಸೋನಿಕ್ ಮಷೀನ್ ಸಿಗುತ್ತೆ, ಪ್ಲಗ್‌ಗೆ ಹಾಕಿದ್ರೆ ಸಾಕು ಇಲಿ ಓಡೋಗುತ್ತೆ ಅಂತಾರೆ, ಟ್ರೈ ಮಾಡಿ ನೋಡಿ.

ಕುಂದಾಪ್ರ ಹೈದ • ಜೂನ್ 15, ಬೆಳಿಗ್ಗೆ 9:31

ಹ್ವಾಯ್, ನಮ್ಮನಿಯಗೆ ಮೂರ್ ತಂದ್ ಹಾಕಿದ್ದೆ. ಮೊದಲ್ನೆ ವಾರ ಸುಮ್ನಿತ್ತ್, ಎರಡ್ನೆ ವಾರ ಆ ಮಷೀನಿನ ಮೇಲೇ ಕೂಕಂಡ್ ಹಲಸಿನ ಬೀಜ ತಿಂತಿತ್ತ್ ಕಾಣಿ. ಅದ್ಕೆ ಅಭ್ಯಾಸ ಆಯ್ ಹೋತ್ತ್. ಗ್ವಾಡೆ ಆಚಿಗೆ ಆ ಶಬ್ದ ದಾಟುದೂ ಇಲ್ಲ, ತೆಂಗಿನಕಾಯಿ ರಾಶಿ ಹಿಂದೆ ಅಂತೂ ಕೇಂಬುದೇ ಇಲ್ಲ. ಸಾವಿರ್ದೈನೂರು ರೂಪಾಯಿ ನೀರಂಗೆ ಹೋಯ್ತ್.

ತೋಟದ ಮಾಣಿ • ಜೂನ್ 15, ಮಧ್ಯಾಹ್ನ 1:20

ಮೊದಲು ಯಾವ ಇಲಿ ಅಂತ ನೋಡಿ, ಇಲ್ಲದಿದ್ರೆ ಎಂತ ಮಾಡಿದ್ರೂ ದಂಡ. ನಮ್ಮ ಕಡೆ ಮನೆಗೆ ಬರುವುದು ಮೂರು ಜಾತಿ. ಒಂದು ಮಾಡಿನ (ಛಾವಣಿಯ) ಇಲಿ, ಉದ್ದ ಬಾಲದ್ದು, ಬಾಲ ಮೈಗಿಂತ ಉದ್ದ ಇರ್ತದೆ, ಇದು ಹತ್ತುವುದರಲ್ಲಿ ಪಳಗಿದ್ದು, ತೆಂಗಿನ ಮರದಲ್ಲಿ ಎಳನೀರಿಗೆ ತೂತು ಹಾಕುವುದೂ ಇದೇ. ಎರಡನೇದು ಹೆಗ್ಗಣ, ತುಳುವಿನಲ್ಲಿ ಪೆರ್ಗುಡೆ, ಒಂದು ಕೇಜಿ ದಾಟುವುದೂ ಉಂಟು, ಅದು ಅಟ್ಟಕ್ಕೆ ಹೋಗುವುದು ಕಮ್ಮಿ, ನೆಲ ಅಗೆಯುವ ಪೈಕಿ, ಬಚ್ಚಲ ಹಿಂದೆ ಮಣ್ಣು ರಾಶಿ ಬಿದ್ದಿದ್ರೆ ಅದರದ್ದೇ ಕೆಲಸ. ಮೂರನೇದು ಸಣ್ಣ ಇಲಿ, ಪೆನ್ಸಿಲ್ ಹೋಗುವ ಸಂದಿಯಲ್ಲೂ ತೂರ್ತದೆ, ಅಕ್ಕಿ ಡಬ್ಬಿ ಹತ್ರ ಇರುವುದು. ಮತ್ತೆ ಮೂಗಿಲಿ ಅಂತ ಒಂದು ಉಂಟು, ಚೀಂ ಚೀಂ ಅಂತ ಗೋಡೆ ಬದಿಯಲ್ಲೇ ಹೋಗ್ತದೆ, ನಾತ ಹೊಡೀತದೆ, ಅದು ಇಲಿಯೇ ಅಲ್ಲ, ಜಿರಳೆ ಹುಳ ತಿನ್ನುವ ಜಂತು. ಅದನ್ನು ಬಿಟ್ಟುಬಿಡಿ ಪಾಪ.

ಹಿಕ್ಕೆ ನೋಡಿ ಹೇಳಿ, ಎಷ್ಟು ದೊಡ್ಡದು, ತುದಿ ಚೂಪಾ ಮೊಂಡಾ.

ಕಡೆಕಾರು ಮನೆ • ಜೂನ್ 15, ರಾತ್ರಿ 8:55

ಅಟ್ಟಕ್ಕೆ ಟಾರ್ಚ್ ಹಿಡ್ಕೊಂಡು ಹೋಗಿದ್ದೆ. ಹೆಚ್ಚಿನದ್ದು ಅರ್ಧ ಇಂಚಿಗಿಂತ ಸ್ವಲ್ಪ ಕಮ್ಮಿ, ಎರಡೂ ತುದಿ ಚೂಪು. ಆದ್ರೆ ಮೂಲೆಯಲ್ಲಿ ಬೇರೆಯೇ ಒಂದು ನಮೂನೆ ಉಂಟು, ಬೆರಳಷ್ಟು ಉದ್ದ, ಅದರೊಳಗೆ ಬೀಜ ಬೀಜ. ಪಕ್ಕಾಸಿನ ಬದಿಯಲ್ಲಿ ಕಪ್ಪಗೆ ಎಣ್ಣೆ ಮೆತ್ತಿದ ಹಾಗೆ ಗೆರೆ ಕೂಡ ಕಂಡಿತು.

ತೋಟದ ಮಾಣಿ • ಜೂನ್ 15, ರಾತ್ರಿ 9:10

ಚೂಪು ತುದಿಯದ್ದು ಮಾಡಿನ ಇಲಿ. ಆ ಕಪ್ಪು ಗೆರೆ ಉಂಟಲ್ಲ, ಅದು ಅವುಗಳ ಹೈವೇ, ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಹೋಗಿ ಹೋಗಿ ಆಗುವುದು. ಅದನ್ನು ಅಳಿಸ್ಬೇಡಿ ಈಗ, ಅದೇ ನಿಮಗೆ ನಕ್ಷೆ.

ಬೀಜ ಇದ್ದದ್ದು ಇಲಿದಲ್ಲ ಮಾರಾಯ್ರೆ, ಮರಬೆಕ್ಕಿನದ್ದು! ಹಣ್ಣು ತಿಂದು ಬೀಜ ಹಾಗೇ ಬಿಡ್ತದೆ. ನಿಮ್ಮ ಮೇಲೆ ಜೋರಾಗಿ ದಡಬಡ ಆಗುವುದರಲ್ಲಿ ಅರ್ಧ ಅದರ ಪಾಲು. ಅದು ಇಲಿಯನ್ನೂ ತಿನ್ನುತ್ತದೆ, ಓಡಿಸ್ಬೇಡಿ. ಹಿಡಿದು ಕೊಂದ್ರೆ ಕೇಸೂ ಆಗ್ತದೆ.

ಕಡೆಕಾರು ಮನೆ • ಜೂನ್ 15, ರಾತ್ರಿ 9:14

ಒಟ್ರಾಶಿ ನಮ್ಮದು ಮನೆ ಅಲ್ಲ, ಪಿಲಿಕುಳ ಝೂ.

ಲ್ಯಾಬ್ ಅಕ್ಕ • ಜೂನ್ 15, ರಾತ್ರಿ 10:36

ಅಟ್ಟಕ್ಕೆ ಹೋಗುವಾಗ ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇತ್ತಾ? ಕಾಲಿಗೆ ಚಪ್ಪಲಿ ಆದ್ರೂ? ಇಲ್ಲಿ ಯಾರೂ ಕೇಳಲೇ ಇಲ್ಲ, ಅದಕ್ಕೆ ಬರೀತಾ ಇದ್ದೇನೆ. ನಾನು ಲ್ಯಾಬಲ್ಲಿ ಕೆಲಸ ಮಾಡುವವಳು, ಜೂನ್ ಶುರುವಾದ್ರೆ ನಮಗೆ ಇಲಿ ಜ್ವರದ ಸ್ಯಾಂಪಲ್ ಬರ್ಲಿಕ್ಕೆ ಶುರು ಆಗ್ತದೆ, ಕರಾವಳಿಯಲ್ಲಿ ಇದು ಹೊಸತಲ್ಲ. ಲೆಪ್ಟೊಸ್ಪೈರಾ ಅಂತ ಬ್ಯಾಕ್ಟೀರಿಯಾ, ಇಲಿಯ ಮೂತ್ರದಲ್ಲಿ ಹೊರಗೆ ಬರ್ತದೆ. ದನ, ನಾಯಿಯಿಂದಲೂ ಬರಬಹುದು, ಆದ್ರೆ ಹೆಸರು ಇಲಿಗೆ. ಒದ್ದೆ ಮಣ್ಣಲ್ಲಿ, ನಿಂತ ನೀರಲ್ಲಿ ವಾರಗಟ್ಟಲೆ ಬದುಕ್ತದೆ, ಕಾಲಲ್ಲಿ ಸಣ್ಣ ಗೀರು ಇದ್ದರೆ ಸಾಕು ಒಳಗೆ ಹೋಗ್ಲಿಕ್ಕೆ. ಗದ್ದೆ ಕೆಲಸದವರಿಗೆ, ತೋಡು ಕ್ಲೀನ್ ಮಾಡುವವರಿಗೆ, ಬರಿಗಾಲಲ್ಲಿ ಹಟ್ಟಿ ತೊಳೆಯುವವರಿಗೆ ಜಾಸ್ತಿ ಬರುವುದು.

ಜ್ವರ ಬಂದು ಮೀನಖಂಡ ಹಿಡಿದುಕೊಂಡ ಹಾಗೆ ನೋವು, ಕಣ್ಣು ಕೆಂಪು, ತಲೆನೋವು ಅಂತ ಇದ್ರೆ "ಮಳೆಗೆ ನೆನೆದದ್ದು" ಅಂತ ಹೇಳಿ ಕಷಾಯ ಕುಡಿದು ಮಲಗ್ಬೇಡಿ. ಡಾಕ್ಟ್ರ ಹತ್ರ ಹೋಗಿ, ಮತ್ತೆ ಮನೆಯಲ್ಲಿ ಇಲಿ ಉಂಟು, ಅಟ್ಟ ಕ್ಲೀನ್ ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವವರೆಗೆ ಕಾಯ್ಬೇಡಿ. ಬೇಗ ಗೊತ್ತಾದ್ರೆ ಡಾಕ್ಸಿಸೈಕ್ಲಿನ್ ಅಥವಾ ಪೆನ್ಸಿಲಿನ್‌ಗೆ ಬಗ್ಗುವ ಕಾಯಿಲೆ ಇದು. ಬಿಟ್ರೆ ಕಾಮಾಲೆ, ಕಿಡ್ನಿ, ಶ್ವಾಸಕೋಶದಲ್ಲಿ ರಕ್ತ. ಇನ್ನೊಂದು, ಜ್ವರ ಬಂದ ಎರಡನೇ ದಿನ ರಕ್ತ ಕೊಟ್ಟು ನೆಗೆಟಿವ್ ಬಂತು ಅಂತ ಖುಷಿಪಡುವವರು ಇದ್ದಾರೆ. ನಾವು ಸಾಮಾನ್ಯವಾಗಿ ಮಾಡುವ ಐಜಿಎಂ (ರಕ್ತದಲ್ಲಿ ಪ್ರತಿಕಾಯ ಹುಡುಕುವ) ಟೆಸ್ಟಲ್ಲಿ ಮೊದಲ ನಾಲ್ಕೈದು ದಿನ ಕಾಣದೇ ಇರುವುದು ಉಂಟು. ಅದಕ್ಕೆ ರಿಪೋರ್ಟ್ ನೋಡಿ ನೀವೇ ತೀರ್ಮಾನ ಮಾಡ್ಬೇಡಿ.

ಒಣ ಹಿಕ್ಕೆಯನ್ನು ಹಿಡಿಸೂಡಿಯಲ್ಲಿ ಗುಡಿಸ್ಬಾರದು, ಧೂಳು ಪೂರಾ ಮೂಗಿಗೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಸ್ಪ್ರೇ ಮಾಡಿ ಒದ್ದೆ ಆಗ್ಲಿಕ್ಕೆ ಬಿಡಿ, ಹತ್ತು ನಿಮಿಷ ಕಳೆದು ಹಳೇ ಬಟ್ಟೆಯಲ್ಲಿ ಬಾಚಿ ತೆಗೀರಿ. ಅಮ್ಮನನ್ನು ಆ ದಿನ ತಂಗಿ ಮನೆಗೆ ಕಳಿಸಿ.

ಕಡೆಕಾರು ಮನೆ • ಜೂನ್ 15, ರಾತ್ರಿ 10:50

ಬರಿಗಾಲಲ್ಲೇ ಹತ್ತಿದ್ದು ಅಕ್ಕ. ಮಾಸ್ಕೂ ಇಲ್ಲ. ಇನ್ನು ಜಾಗ್ರತೆ ಮಾಡ್ತೇನೆ, ಥ್ಯಾಂಕ್ಸ್.

ಶಾರ್ಟ್‌ಕಟ್ • ಜೂನ್ 16, ಬೆಳಿಗ್ಗೆ 6:58

ಅಂಟು ಬೇಡ ಅಂದ್ರಿ, ಸರಿ. ಹಾಗಾದ್ರೆ ವಿಷವೇ ದಾರಿ. ಅಮ್ಮನಿಗೆ ಹೇಳುವುದು ಯಾಕೆ, ಮಲಗಿದ ಮೇಲೆ ಇಡಿ. ಕೇಕ್ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯ್ತದೆ, ಮನೆಯಲ್ಲಿ ನಾತ ಬರುವುದಿಲ್ಲ.

ಜೆಪ್ಪು ಹಂಚು • ಜೂನ್ 16, ಬೆಳಿಗ್ಗೆ 7:25

ಈ ಹೊರಗೆ ಹೋಗಿ ಸಾಯ್ತದೆ ಅಂತ ಹೇಳಿದ ಮನುಷ್ಯ ಸಿಕ್ಕಿದ್ರೆ ನನಗೆ ಒಮ್ಮೆ ತೋರಿಸಿ. ನಮ್ಮ ಚಾವಡಿ ಮುಚ್ಚಿಗೆ ಮೇಲೆ ಸತ್ತದ್ದು ಹನ್ನೆರಡು ದಿನ ನಾತ, ಅದೂ ಮಗಳ ನಿಶ್ಚಿತಾರ್ಥದ ವಾರ. ಅಗರಬತ್ತಿ, ಕಾಫಿ ಪುಡಿ, ಸುಣ್ಣ, ಎಂತ ಇಟ್ರೂ ಇಲ್ಲ. ಕಡೆಗೆ ಮೂರು ಹಲಗೆ ಕೀಳಿಸಿದ್ದು. ಬೀಗರ ಕಡೆಯವರು ಪಾಪ ಏನೂ ಹೇಳ್ಲಿಲ್ಲ, ಆದ್ರೆ ಎಲ್ಲರೂ ಅಂಗಳದಲ್ಲೇ ಕೂತಿದ್ರು.

ತೋಟದ ಮಾಣಿ • ಜೂನ್ 16, ಬೆಳಿಗ್ಗೆ 8:05

ವಿಷದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ನಾನು ತೋಟದಲ್ಲಿ ಉಪಯೋಗಿಸುವವನೇ, ಹಾಗಾಗಿ ಸಾಚಾ ಅಂತ ಹೇಳ್ಕೊಳ್ಳುವುದಿಲ್ಲ. ನೀಲಿ, ಹಸಿರು ಕೇಕ್ ಬರ್ತದಲ್ಲ ಅದು ಬ್ರೊಮಾಡಿಯೋಲೋನ್, 0.005 ಪರ್ಸೆಂಟ್. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವುದು, ತಿಂದು ನಾಲ್ಕೈದು ದಿನ ಬಿಟ್ಟು ಸಾಯ್ತದೆ, ಅದಕ್ಕೇ ಇಲಿಗೆ ಅನುಮಾನ ಬರುವುದಿಲ್ಲ. ಸಾಯುವ ಹೊತ್ತಿಗೆ ಅದು ಗೂಡಲ್ಲೇ ಇರುವುದು ಜಾಸ್ತಿ, ನೀರು ಹುಡುಕುವ ಕಥೆ ಸುಳ್ಳು. ನಾಯಿ ಬೆಕ್ಕು ತಿಂದ್ರೆ ವೆಟರಿನರಿಯಲ್ಲಿ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಉಳಿಸ್ಲಿಕ್ಕೆ ಆಗ್ತದೆ, ಬೇಗ ಹೋದ್ರೆ. ಕಪ್ಪು ಪುಡಿ ಬರ್ತದಲ್ಲ, ಜಿಂಕ್ ಫಾಸ್ಫೈಡ್, ಅದಕ್ಕೆ ಮದ್ದೇ ಇಲ್ಲ. ಹಾಗೇ ಟ್ಯೂಬಲ್ಲಿ ಬರುವ ಹಳದಿ ರಂಜಕದ ಪೇಸ್ಟ್, ಮಕ್ಕಳು ಟೂತ್‌ಪೇಸ್ಟ್ ಅಂತ ಬಾಯಿಗೆ ಹಾಕಿಕೊಂಡು ಲಿವರ್ ಹೋದ ಕೇಸ್ ಎಷ್ಟೋ ಉಂಟು, ಅದನ್ನು ಮನೆ ಮೆಟ್ಲು ಹತ್ತಿಸ್ಲೇಬೇಡಿ.

ತೆಂಗಿನ ಮರಕ್ಕೆ ಆದ್ರೆ ಕೇಕ್ ಸರಿ. ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ, ಸಿಪಿಸಿಆರ್‌ಐಯವರು ಹೇಳುವ ಲೆಕ್ಕ, ಹತ್ತು ಗ್ರಾಂನ ಕೇಕ್ ಮರದ ತಲೆಯಲ್ಲಿ ಇಡುವುದು, 12 ದಿನ ಬಿಟ್ಟು ಇನ್ನೊಮ್ಮೆ. ಇಲ್ಲದಿದ್ರೆ ಕಾಂಡಕ್ಕೆ ಆಳೆತ್ತರದಲ್ಲಿ ತಗಡಿನ ಪಟ್ಟಿ ಸುತ್ತುವುದು, ಹತ್ತುವಾಗ ಉಗುರು ಜಾರ್ತದೆ. ಆದ್ರೆ ಪಕ್ಕದ ಮರದ ಮಡಲು ತಾಗ್ತಾ ಇದ್ರೆ ಆ ಪಟ್ಟಿ ಬರೀ ಚಂದಕ್ಕೆ.

ನಿಮ್ಮ ಮನೆಗೂ ಇದೇ ಮಾತು. ಮಾಡಿಗೆ ತಾಗುವ ಮರ ಉಂಟಾ?

ಕಡೆಕಾರು ಮನೆ • ಜೂನ್ 16, ಬೆಳಿಗ್ಗೆ 8:30

ಉಂಟು. ಹಲಸು, ಎರಡು ಗೆಲ್ಲು (ಕೊಂಬೆ) ಹಂಚಿನ ಮೇಲೇ ಒರಗಿದೆ. ಮತ್ತೆ ಕೇಬಲ್ ಟಿವಿ ವೈರ್ ತೆಂಗಿನ ಮರದಿಂದ ಅಡ್ಡ ಬಂದು ಮಾಡಿನ ನೆತ್ತಿಗೆ ಕಟ್ಟಿದ್ದಾರೆ, ಕನೆಕ್ಷನ್ ಬಿಟ್ಟು ಆರು ವರ್ಷ ಆಯ್ತು.

ತೋಟದ ಮಾಣಿ • ಜೂನ್ 16, ಬೆಳಿಗ್ಗೆ 8:33

ಸರಿ ಹೋಯ್ತು. ನೀವು ಸೇತುವೆ ಕಟ್ಟಿಕೊಟ್ಟು ಬಂದವರನ್ನು ಬೈತಾ ಇದ್ದೀರಿ.

ವಯರಿಂಗ್ ಸುರತ್ಕಲ್ • ಜೂನ್ 16, ರಾತ್ರಿ 9:02

ಅಣ್ಣ ಒಂದು ವಿಷಯ. ಹಳೇ ಮನೆ ಅಂದ್ರಿ, ವಯರಿಂಗ್ ಮರದ ಪಟ್ಟಿಯದ್ದಾ? ಹಾಗಿದ್ರೆ ಇಲಿ ಕಚ್ಚಿದ ವಯರ್ ಮುಚ್ಚಿಗೆ ಮೇಲೆ ಬಿದ್ದುಕೊಂಡಿರ್ತದೆ, ಸುತ್ತ ತೆಂಗಿನ ಸಿಪ್ಪೆ, ಕಾಗದ, ಒಣ ಮರ. ನಾನು ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ, ಎರಡು ಅಟ್ಟ ಸುಟ್ಟದ್ದು ನೋಡಿದ್ದೇನೆ. ಇಲಿಗೆ ವಯರ್ ರುಚಿ ಅಂತ ಅಲ್ಲ, ಅದರ ಎದುರಿನ ಹಲ್ಲು ಬೆಳೀತಾನೇ ಇರ್ತದೆ, ಸವೆಸ್ಲಿಕ್ಕೆ ಎಂತಾದ್ರೂ ಕಡೀಲೇಬೇಕು. ಮೊದಲು ಕರೆಂಟ್ ಸೋರಿದ್ರೆ ತಾನಾಗಿ ಆಫ್ ಆಗುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಅದು ಪದೇ ಪದೇ ಬೀಳ್ತಾ ಇದ್ರೆ ಬೈಪಾಸ್ ಮಾಡ್ಬೇಡಿ, ಸುಮಾರು ಜನ ಮಾಡ್ತಾರೆ, ಮಳೆಗಾಲದಲ್ಲಿ ಕಿರಿಕಿರಿ ಅಂತ.

ಕಡೆಕಾರು ಮನೆ • ಜೂನ್ 29, ರಾತ್ರಿ 10:15

ಅಪ್‌ಡೇಟ್. ಎರಡು ವಾರ ಮಾತಾಡದೆ ಕೂತದ್ದಲ್ಲ, ಕೆಲಸ ಮಾಡ್ತಾ ಇದ್ದೆ.

ಅಮ್ಮನ ಹತ್ರ ಮಾತಾಡಿದೆ. ಒಪ್ಪಂದ ಎಂತ ಅಂದ್ರೆ ಮನೆಯೊಳಗೆ ಸಾಯಬಾರದು, ಹಿಡಿದು ಹೊರಗೆ ಬಿಡಬಹುದು. ಹಾಗೆ ಬೋನು. ಮೊದಲ ದಿನ ಒಂದೇ ಬೋನು, ಸುಟ್ಟ ಕೊಬ್ಬರಿ ತುಂಡು ಸಿಕ್ಕಿಸಿ ಇಟ್ಟೆ. ಮೂಸಲೂ ಇಲ್ಲ. ಎರಡನೇ ದಿನ ಒಣ ಎಟ್ಟಿ (ಸೀಗಡಿ). ಇಲ್ಲ. ಆಮೇಲೆ ಯಾರೋ ಹೇಳಿದ್ರು, ಹೊಸ ಸಾಮಾನು ಕಂಡ್ರೆ ಇಲಿಗೆ ಹೆದರಿಕೆ, ನಾಲ್ಕು ದಿನ ಬಾಗಿಲು ಕಟ್ಟಿಹಾಕಿ ತೆರೆದೇ ಇಟ್ಟು ತಿನ್ಲಿಕ್ಕೆ ಬಿಡಿ ಅಂತ. ಹಾಗೆ ಎಂಟು ಬೋನು ಅಲ್ಲಿಂದ ಇಲ್ಲಿಂದ ಕೇಳಿ ತಂದು, ಆ ಕಪ್ಪು ಗೆರೆ ಇದ್ದ ಕಡೆ, ಗೋಡೆಗೆ ತಾಗಿಸಿ, ಬಾಗಿಲು ಕಟ್ಟಿ ಇಟ್ಟೆ. ಎಲ್ಲಿ ಓಡಾಟ ಜಾಸ್ತಿ ಅಂತ ನೋಡ್ಲಿಕ್ಕೆ ಅಮ್ಮನ ರಂಗೋಲಿ ಪುಡಿ ಹಲಗೆ ಮೇಲೆ ತೆಳುವಾಗಿ ಉದುರಿಸಿದ್ದೆ, ಬೆಳಿಗ್ಗೆ ಸಣ್ಣ ಸಣ್ಣ ಹೆಜ್ಜೆ, ಮಧ್ಯ ಬಾಲ ಎಳೆದ ಗೆರೆ. ಅಮ್ಮ ಅದನ್ನು ನೋಡಿ "ಎಷ್ಟು ಚಂದ ಬಿಡಿಸಿದೆ" ಅಂದ್ರು. ನನಗೆ ನಗ್ಬೇಕಾ ಅಳ್ಬೇಕಾ ಗೊತ್ತಾಗ್ಲಿಲ್ಲ.

ಐದನೇ ರಾತ್ರಿ ಬಾಗಿಲು ಬಿಚ್ಚಿ ಸೆಟ್ ಮಾಡಿದ್ದು. ಒಂದೇ ರಾತ್ರಿಗೆ ಐದು! ಮರುದಿನ ಮೂರು. ಮನೆಯಿಂದ ಅರ್ಧ ಕಿಲೋಮೀಟರ್ ಆಚೆ ಬೇಸಾಯ ಇಲ್ಲದೆ ಹಡಿಲು ಬಿದ್ದ ಗದ್ದೆಯಲ್ಲಿ ಬಿಟ್ಟೆ.

ಮಗಳಿಗೆ ಅನುಮಾನ. ಹಾಗೆ ಬೋನಿನ ಸರಳಿನ ಹೊರಗೆ ನೇತಾಡ್ತಾ ಇದ್ದ ಒಂದರ ಬಾಲದ ತುದಿಗೆ ನೈಲ್ ಪಾಲಿಷ್ ಹಚ್ಚಿದಳು, ಗುಲಾಬಿ. ಮೂರನೇ ದಿನ ಬೋನಲ್ಲಿ ಗುಲಾಬಿ ಬಾಲ.

ಕುಂದಾಪ್ರ ಹೈದ • ಜೂನ್ 29, ರಾತ್ರಿ 10:22

ಅದ್ಕೆ ನಿಮ್ಮನಿ ಕೊಬ್ರಿ ರುಚಿ ಹತ್ತಿತ್ತ್ ಮಾರಾಯ್ರೆ, ಬರ್ದೆ ಎಲ್ಲಿಗ್ ಹೋತ್ತ್. ವಾಪಸ್ ಬಸ್ಸಿನ ಚಾರ್ಜೂ ಕೊಟ್ಟದ್ದಾ?

ಲ್ಯಾಬ್ ಅಕ್ಕ • ಜೂನ್ 29, ರಾತ್ರಿ 10:40

ನೈಲ್ ಪಾಲಿಷ್ ಹಚ್ಚುವಾಗ ಗ್ಲೌಸ್ ಹಾಕಿದ್ಲಾ??

ಕಡೆಕಾರು ಮನೆ • ಜೂನ್ 29, ರಾತ್ರಿ 10:44

ಹಾಕಿದ್ಲು ಅಕ್ಕ, ಎರಡು ಜೊತೆ. ಅಡುಗೆ ಮನೆಯ ಇಕ್ಕಳದಲ್ಲಿ ಬಾಲ ಹಿಡಿದದ್ದು, ಆ ಇಕ್ಕಳ ಈಗ ಗುಜರಿಗೆ.

ಗದ್ದೆ ಬದಿ • ಜೂನ್ 30, ಬೆಳಿಗ್ಗೆ 6:30

ಕಡೆಕಾರು ಅಂದ್ರಿ, ಹಡಿಲು ಗದ್ದೆ ಅಂದ್ರಿ. ಅದರ ಪಕ್ಕ ನಮ್ಮ ಮನೆ. ಹೋದ ವಾರದಿಂದ ನಮ್ಮಲ್ಲಿ ಅಕ್ಕಿ ಗೋಣಿಗೆ ತೂತು. ನಿಮ್ಮ ಪುಣ್ಯ ನಮ್ಮ ತಲೆಗೆ ಕಟ್ಟಿದ್ದಾ?

ಕಡೆಕಾರು ಮನೆ • ಜೂನ್ 30, ಬೆಳಿಗ್ಗೆ 7:10

ಅಯ್ಯೋ. ನಿಜವಾಗಿಯೂ ಸಾರಿ. ಇನ್ನು ಅಲ್ಲಿ ಬಿಡುವುದಿಲ್ಲ. ಎಂಟು ಬೋನು ಉಂಟು, ನಾಲ್ಕು ನಿಮಗೆ ಕೊಡ್ತೇನೆ, ಸಂಜೆ ನಾನೇ ತರ್ತೇನೆ.

ತೋಟದ ಮಾಣಿ • ಜೂನ್ 30, ಮಧ್ಯಾಹ್ನ 12:50

ಇದನ್ನೇ ಹೇಳ್ಬೇಕಂತ ಇದ್ದೆ, ಸಿಟ್ಟು ಮಾಡ್ಬೇಡಿ. ಹಿಡಿದು ಹಿಡಿದು ಬಿಡುವುದು, ಕೊಂದು ಕೊಂದು ಬಿಸಾಡುವುದು, ಎರಡೂ ಒಂದೇ, ದಾರಿ ಮುಚ್ಚದಿದ್ರೆ. ಹೆಣ್ಣಿಲಿ ಗಬ್ಬ ನಿಂತು ಮೂರು ವಾರಕ್ಕೆ ಮರಿ ಹಾಕ್ತದೆ, ಒಂದು ಸೂಲಿಗೆ ಆರೇಳು, ಆ ಮರಿಗಳು ಮೂರು ತಿಂಗಳಿಗೆಲ್ಲ ತಾವೇ ಮರಿ ಹಾಕುವ ಪ್ರಾಯಕ್ಕೆ ಬರ್ತಾವೆ. ನೀವು ಎಂಟು ಹಿಡಿದದ್ದು ಎಷ್ಟಕ್ಕೆ ಸಾಕು ಹೇಳಿ. ಮೊದಲು ಕಾಯಿ ಕೆಳಗಿಳಿಸಿ, ಸುಲಿದು ಕೊಟ್ಟುಬಿಡಿ. ಅಕ್ಕಿ ಬೇಳೆ ತಗಡಿನ ಡಬ್ಬಕ್ಕೆ. ಬಚ್ಚಲ ಹಿಂದೆ ಕಟ್ಟಿಗೆ, ಗೆರಟೆ ರಾಶಿ ಇದ್ರೆ ಗೋಡೆಯಿಂದ ದೂರ ಮಾಡಿ. ಗೆಲ್ಲು ಕಡೀರಿ, ಮಾಡಿನಿಂದ ಒಂದಾಳು ದೂರಕ್ಕಾದ್ರೂ. ಆ ಸತ್ತ ಕೇಬಲ್ ಕಿತ್ತು ಬಿಸಾಡಿ. ಆಮೇಲೆ ತೂತು.

ಜೆಪ್ಪು ಹಂಚು • ಜೂನ್ 30, ಸಂಜೆ 5:35

ತೂತಿನ ವಿಷಯಕ್ಕೆ ನಾನು ಬರ್ತೇನೆ, ಇದು ನನ್ನ ಇಷ್ಟದ ಸಬ್ಜೆಕ್ಟು. ನಿಮ್ಮ ಹಂಚಿನ ಹಿಂದೆ ಯಾವ ಕಾರ್ಖಾನೆಯ ಅಚ್ಚು ಉಂಟು ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆ ಬದಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಬಂತಲ್ಲ, ಒಬ್ಬೊಬ್ಬರ ಅಚ್ಚು ಕೂದಲೆಳೆ ವ್ಯತ್ಯಾಸ. ಒಂದೇ ಕಾರ್ಖಾನೆಯದ್ದು ಒಂದಕ್ಕೊಂದು ಕೊಕ್ಕೆ ಹಾಕಿದ ಹಾಗೆ ಕೂರ್ತದೆ. ನಡುವೆ ಒಡೆದದ್ದಕ್ಕೆ ಬೇರೆ ಹಂಚು ತಂದು ಹಾಕಿದ್ರೆ ಮೇಲಿಂದ ಸರಿ ಕಾಣ್ತದೆ, ನೀರೂ ಸೋರುವುದಿಲ್ಲ, ಆದ್ರೆ ಬದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಬಾಯಿ ಬಿಟ್ಟಿರ್ತದೆ. ಮಾಡಿನ ಇಲಿಗೆ ಅಷ್ಟು ಧಾರಾಳ ಸಾಕು. ಹಗಲು ಹೊತ್ತಲ್ಲಿ ಅಟ್ಟದಲ್ಲಿ ಟಾರ್ಚ್ ಆರಿಸಿ ಕೂತ್ಕೊಳ್ಳಿ, ಬೆಳಕು ಎಲ್ಲೆಲ್ಲಿ ಬರ್ತದೋ ಅದೆಲ್ಲ ಬಾಗಿಲು.

ಅದಕ್ಕಿಂತ ದೊಡ್ಡ ಬಾಗಿಲು ಗೋಡೆ ಮುಗಿದು ಮಾಡು ಶುರುವಾಗುವ ಕಡೆ. ಪಕ್ಕಾಸು ಪಕ್ಕಾಸಿನ ಮಧ್ಯ ಗಾಳಿಗೆ ಅಂತ ಖಾಲಿ ಬಿಟ್ಟಿರ್ತಾರೆ ಹಿಂದಿನವರು, ಅದು ಒಳ್ಳೇದಕ್ಕೇ, ಮರ ಕುಂಬು ಆಗಬಾರದು ಅಂತ. ಅದನ್ನು ಸಿಮೆಂಟ್ ಹಾಕಿ ಮುಚ್ಚಿದ್ರೆ ಹತ್ತು ವರ್ಷಕ್ಕೆ ಪಕ್ಕಾಸಿನ ತುದಿ ಹೋಯ್ತು ಅಂತಲೇ ಲೆಕ್ಕ. ಕಾಲಿಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ತಂತಿ ಜಾಲಿ) ತಂದು ಪಕ್ಕಾಸಿಗೆ ಸರಿಯಾಗಿ ಕತ್ತರಿಸಿ ಬಡೀರಿ, ಗಾಳಿ ಬರ್ತದೆ ಇಲಿ ಬರುವುದಿಲ್ಲ. ಸೊಳ್ಳೆ ಪರದೆ, ಪ್ಲಾಸ್ಟಿಕ್ ಜಾಲಿ, ಟ್ಯೂಬಲ್ಲಿ ಬರುವ ಫೋಮ್ ಇದೆಲ್ಲ ಅದಕ್ಕೆ ತಿಂಡಿ. ಗೋಡೆಯ ಸಣ್ಣ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಮೇಲೆ ಗಾರೆ ಮೆತ್ತಿ. ಬಚ್ಚಲ ನೀರು ಹೋಗುವ ತೂತಿಗೆ ಕಬ್ಬಿಣದ ಜಾಲಿ.

ಒಂದು ದಾರಿ ಮಾತ್ರ ಬಿಟ್ಟು ಎಲ್ಲ ಮುಚ್ಚಿ, ಆ ಒಂದರ ಎದುರು ಬೋನು ಇಡಿ. ಒಂದು ವಾರ ರಂಗೋಲಿ ಪುಡಿಯಲ್ಲಿ ಹೆಜ್ಜೆ ಕಾಣದಿದ್ರೆ ಆಗ ಅದನ್ನೂ ಮುಚ್ಚಿ. ಒಟ್ಟಿಗೇ ಎಲ್ಲ ಮುಚ್ಚಿದ್ರೆ ಒಳಗೆ ಸಿಕ್ಕಿಬಿದ್ದದ್ದು ಸಾಯುವುದು, ಮತ್ತೆ ಆ ನಾತ. ನಿಶ್ಚಿತಾರ್ಥದ ಕಥೆ ನೆನಪುಂಟಲ್ಲ.

ಶಾರ್ಟ್‌ಕಟ್ • ಜುಲೈ 1, ಬೆಳಿಗ್ಗೆ 7:00

ಇಷ್ಟೆಲ್ಲ ಮಾಡುವ ಖರ್ಚಿಗೆ ಹಂಚು ತೆಗೆದು ಸ್ಲಾಬ್ ಹಾಕ್ಬಹುದು.

ವಯರಿಂಗ್ ಸುರತ್ಕಲ್ • ಜುಲೈ 1, ಬೆಳಿಗ್ಗೆ 7:48

ಸ್ಲಾಬ್ ಮನೆಗೆ ಇಲಿ ಬರುವುದಿಲ್ಲ ಅಂತ ಯಾರು ಹೇಳಿದ್ದು. ಮಂಗಳೂರಲ್ಲಿ ಎಂಟನೇ ಮಾಳಿಗೆಯ ಫ್ಲಾಟಿಗೆ ಹೋಗಿ ಎಸಿ ವಯರ್ ಬದಲಾಯಿಸಿ ಬಂದಿದ್ದೇನೆ, ಪೈಪ್ ಡಕ್ಟಲ್ಲಿ ಹತ್ತಿದ್ದು.

ಕಡೆಕಾರು ಮನೆ • ಜುಲೈ 27, ರಾತ್ರಿ 9:20

ತಡ ಆಯ್ತು, ಮಧ್ಯೆ ಹತ್ತು ದಿನ ಬಿಡದೆ ಮಳೆ, ಮಾಡಿಗೆ ಯಾರೂ ಹತ್ತುವ ಹಾಗಿರ್ಲಿಲ್ಲ.

ಕಾಯಿ ಪೂರಾ ಇಳಿಸಿ ಕೊಟ್ಟೆ. ಲೆಕ್ಕ ಹಾಕಿಯೇ ಬಿಟ್ಟೆ, 83 ತೂತು ಬಿದ್ದದ್ದು. ಕಾಯಿ ರಾಶಿ ಹಿಂದೆ ಗೂಡು ನಾಲ್ಕು, ಒಂದ್ರಲ್ಲಿ ಅಮ್ಮ ಕಳೆದುಹೋಯ್ತು ಅಂತ ಮೂರು ವರ್ಷದಿಂದ ಹುಡುಕ್ತಾ ಇದ್ದ ಜಪಮಾಲೆಯ ದಾರ, ಮಣಿ ಮಾತ್ರ ಇಲ್ಲ. ಹಲಸಿನ ಗೆಲ್ಲು ಕಡಿಸಿದೆ. ಅಡುಗೆ ಮನೆ ಮೇಲೆ ಮುರಿದ ವಯರ್ ಎರಡು ಕಡೆ ಸಿಕ್ಕಿತು, ತಾಮ್ರ ಹೊರಗೆ. ವಯರಿಂಗ್ ಅಣ್ಣ ಹೇಳಿದ್ದು ಕೇಳಿ ಮೈ ಜುಂ ಅಂತು. ಪೈಪ್ ಹಾಕಿಸ್ತಾ ಇದ್ದೇವೆ, ಆರ್‌ಸಿಸಿಬಿ ಹಾಕಿಸಿ ಆಯ್ತು.

ಮೆಶ್ ಕೆಲಸಕ್ಕೆ ಹಳೇ ಆಚಾರಿ ಒಬ್ಬರು ಬಂದ್ರು. ಮಾಡಿನ ಬದಿಯಲ್ಲಿ ನಲವತ್ತೊಂದು ಖಾಲಿ ಜಾಗ, ಒಂದೊಂದು ಅಳತೆ ಒಂದೊಂದು, ಪಾಪ ಅವರು ಪ್ರತಿಯೊಂದಕ್ಕೂ ರಟ್ಟು ಕತ್ತರಿಸಿ ನೋಡಿ ಆಮೇಲೆ ಮೆಶ್ ಕತ್ತರಿಸಿದ್ದು. ಐದು ದಿನ ಹಿಡಿಯಿತು. ನಲವತ್ತು ಮುಚ್ಚಿ ಒಂದು ಬಿಟ್ಟಿದ್ದೆವು, ಬಚ್ಚಲ ಮೇಲಿನದ್ದು. ಬೋನಿಗೆ ಮತ್ತೆ ಆರು ಬಿದ್ದವು. ಅವನ್ನು ಎಂತ ಮಾಡಿದೆ ಅಂತ ಕೇಳ್ಬೇಡಿ, ಅಮ್ಮನೂ ಕೇಳ್ಲಿಲ್ಲ. ಗದ್ದೆ ಬದಿಯವರಿಗೆ ಮಾತ್ರ ಕಳಿಸ್ಲಿಲ್ಲ ಅಂತ ಪ್ರಮಾಣ.

ಈಗ ಹನ್ನೊಂದು ದಿನ ಆಯ್ತು ಪುಡಿಯಲ್ಲಿ ಹೆಜ್ಜೆ ಇಲ್ಲ.

ಗದ್ದೆ ಬದಿ • ಜುಲೈ 27, ರಾತ್ರಿ 9:41

ನಮ್ಮಲ್ಲೂ ಕಮ್ಮಿ ಆಗಿದೆ. ನಿಮ್ಮ ಬೋನು ನಾಲ್ಕು ಇನ್ನೂ ಇಲ್ಲೇ ಉಂಟು, ಸ್ವಲ್ಪ ದಿನ ಇಟ್ಕೊಳ್ತೇನೆ.

ಕುಂದಾಪ್ರ ಹೈದ • ಜುಲೈ 27, ರಾತ್ರಿ 9:50

ಗುಲಾಬಿ ಬಾಲದ್ ಸಿಕ್ತಾ?

ಕಡೆಕಾರು ಮನೆ • ಜುಲೈ 27, ರಾತ್ರಿ 9:53

ಇಲ್ಲ. ಮಗಳು ದಿನಾ ಕೇಳ್ತಾಳೆ.

ತೋಟದ ಮಾಣಿ • ಜುಲೈ 28, ಬೆಳಿಗ್ಗೆ 6:45

ಮರಬೆಕ್ಕು ಎಂತ ಆಯ್ತು?

ಕಡೆಕಾರು ಮನೆ • ಜುಲೈ 28, ಬೆಳಿಗ್ಗೆ 7:30

ಗೆಲ್ಲು ಕಡಿದ ಮೇಲೆ ಒಳಗೆ ಬರುವುದು ನಿಂತಿದೆ. ರಾತ್ರಿ ಒಮ್ಮೊಮ್ಮೆ ಕಟ್ಟಿಗೆ ಕೊಟ್ಟಿಗೆಯ ಮೇಲೆ ಕಾಣ್ತದೆ, ಅಲ್ಲಿಯೇ ಇರ್ಲಿ.

ಒಂದು ಸಮಸ್ಯೆ ಉಳಿದಿದೆ. ಜೆಪ್ಪು ಅಣ್ಣ ಹೇಳಿದ ಹಾಗೆ ಟಾರ್ಚ್ ಆರಿಸಿ ಕೂತು ನೋಡಿದೆ, ಉತ್ತರದ ಮಾಡಲ್ಲಿ ನಕ್ಷತ್ರದ ಹಾಗೆ ಬೆಳಕು. ಹಿಂದೆ ಯಾವಾಗಲೋ ಬೇರೆ ಹಂಚು ಹಾಕಿದ್ದಾರೆ, ಒಂದೂ ಸರಿ ಕೂತಿಲ್ಲ, ಸದ್ಯಕ್ಕೆ ಒಳಗಿಂದ ಮೆಶ್ ಬಡಿದಿದ್ದೇವೆ ಅಷ್ಟೆ. ನಮ್ಮ ಅಚ್ಚಿನದ್ದೇ ನೂರೈವತ್ತು ಹಂಚು ಬೇಕು. ಅಂಗಡಿಯಲ್ಲಿ ಕೇಳಿದ್ರೆ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು ಅಂತಾರೆ. ಹಂಚಿನ ಹಿಂದಿನ ಫೋಟೋ ಹಾಕಿದ್ದೇನೆ ನೋಡಿ.

ಜೆಪ್ಪು ಹಂಚು • ಜುಲೈ 28, ಬೆಳಿಗ್ಗೆ 8:12

ಫೋಟೋ ನೋಡಿದೆ. ಈ ಅಚ್ಚಿನದ್ದು ನನ್ನ ಸೋದರಮಾವನ ಮನೆಯಲ್ಲಿ ಇತ್ತು, ಹೋದ ಡಿಸೆಂಬರಲ್ಲಿ ಕೆಡವಿದ್ದು, ಹಂಚು ಹಟ್ಟಿ ಬದಿಯಲ್ಲಿ ರಾಶಿ ಹಾಕಿದ್ದಾರೆ, ಇನ್ನೂರಕ್ಕೆ ಕಮ್ಮಿ ಇಲ್ಲ. ಪಾಚಿ ಹಿಡಿದಿದೆ, ತಿಕ್ಕಿದ್ರೆ ಹೋಗ್ತದೆ. ದುಡ್ಡು ಬೇಡವಂತೆ, ಒಯ್ದರೆ ಸಾಕು ಅಂತಾರೆ. ಪಾವಂಜೆ ಹತ್ರ, ಆದಿತ್ಯವಾರ ಬನ್ನಿ, ಮಳೆ ಬಿಟ್ಟಿದ್ರೆ. ಒಂದು ಪಿಕಪ್ ಸಾಕು, ಹಂಚಿನ ಮಧ್ಯ ಹಾಕ್ಲಿಕ್ಕೆ ಹುಲ್ಲು ನೀವೇ ತನ್ನಿ. ಮತ್ತೆ ಗ್ಲೌಸ್ ಹಾಕ್ಕೊಂಡು ಬನ್ನಿ, ರಾಶಿಯ ಅಡಿಯಲ್ಲಿ ಎಂತೆಲ್ಲ ಉಂಟೋ ದೇವರಿಗೇ ಗೊತ್ತು.